ಹದಿನೇಳು ಕಂಪನಿಗಳ ಮಾಲಕ

ನನ್ನ ಸೋದರಮಾವ ಹದಿನೇಳು ಕಂಪನಿಗಳ ಮಾಲಕ. ನಂಬುವುದಿಲ್ಲವೇ? ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ "ಮಾಲಕರ ಮನೆ ಎಲ್ಲಿ?" ಎಂದು ಕೇಳಿ ನೋಡಿ. ರೈಸ್ ಮಿಲ್ಲಿನ ಸಾಹುಕಾರರ ಮನೆಯನ್ನು ಯಾರೂ ತೋರಿಸುವುದಿಲ್ಲ. ಎರಡು ಕೋಣೆಯ, ಮುಂದೆ ಬೇವಿನ ಮರದ, ಹಿಂದೆ ಒಂಬತ್ತು ಕುರಿಗಳ ಒಂದು ಮನೆಯನ್ನು ತೋರಿಸಿ ಮುಸಿಮುಸಿ ನಗುತ್ತಾರೆ. ಸೋಪು, ಬಿಸ್ಕಿಟು, ಗೋಡೆಗೆ ಬಳಿಯುವ ಬಣ್ಣ, ಟ್ರ್ಯಾಕ್ಟರು, ಸಿಮೆಂಟು, ತಲೆನೋವಿನ ಗುಳಿಗೆ, ಒಂದು ಬ್ಯಾಂಕು ಎಲ್ಲವೂ ಆ ಮನೆಯವು. ಪ್ರತಿ ಕಂಪನಿಯಲ್ಲೂ ಒಂದೊಂದು ಶೇರು. ಒಂದೇ ಒಂದು! ಯಾವುದರಲ್ಲೂ ಎರಡನೆಯದನ್ನು ಕೊಂಡಿಲ್ಲ.

ಹೆಸರು ಮಾತ್ರ ಬರೆಯಬೇಡ ಎಂದು ಮಾವ ತಾಕೀತು ಮಾಡಿದ್ದಾನೆ. "ಹೆಸರು ಹಾಕಿದ್ರ ನಾಳೆ ಕಂಪನಿಯೋರೆಲ್ಲ ಬಂದು ಮನಿ ಮುಂದ ಕಾರು ನಿಲ್ಲಸ್ತಾರ ಅಳ್ಯಾ. ನಾ ಕುರಿ ಎಲ್ಲಿ ಕಟ್ಟಲಿ?" ಎನ್ನುತ್ತಾನೆ. ನ್ಯಾಯವಾದ ಮಾತು. ಹಾಗಾಗಿ ಅವನು ಇಲ್ಲಿ ಬರೀ ಮಾವ.

ನಾನು ನಾರಾಯಣಪೇಟೆಯಲ್ಲಿ ಸರ್ಕಾರಿ ಶಾಲೆಯ ಮಾಸ್ತರ. ಮಾವ ನಮ್ಮ ಮನೆಗೆ ಬರುವುದಾದರೆ ನೇರ ಮನೆಗೆ ಬರುವುದಿಲ್ಲ. ಮೊದಲು ಚೌಕದ ಕಿರಾಣಿ ಅಂಗಡಿಗೆ ಹೋಗುತ್ತಾನೆ. ಹೆಗಲ ಮೇಲಿನ ಟವೆಲು ತೆಗೆದು, ಸಾಲಾಗಿಟ್ಟ ಸೋಪುಗಳಲ್ಲಿ ತನ್ನ ಕಂಪನಿಯವನ್ನಷ್ಟೇ ಆರಿಸಿ, ಒಂದೊಂದರ ಮೇಲಿನ ಧೂಳು ಒರೆಸುತ್ತಾನೆ. ಪಕ್ಕದ ಕಂಪನಿಯ ಸೋಪಿನ ಮೇಲೆ ಬೆರಳು ದಪ್ಪ ಧೂಳಿದ್ದರೂ ಮುಟ್ಟುವುದಿಲ್ಲ. ಅದಕ್ಕೂ ಯಾರೋ ಮಾಲಕರಿದ್ದಾರೆ, ಅವರು ಬಂದು ಒರೆಸಿಕೊಳ್ಳಲಿ!

"ಯಾಕ್ರೀ ಶೇಠ, ನಮ್ಮ ಮಾಲು ಹಿಂದ ಒತ್ತೀರಿ, ಮಂದಿ ಮಾಲು ಮುಂದ ಇಟ್ಟೀರಿ?"

"ತಪ್ಪಾತ್ರಿ ಮಾಲಕರ, ಈಗ ಸರಸ್ತೀನಿ," ಎಂದು ಅಂಗಡಿಯವನು ಕೈಮುಗಿಯುತ್ತಾನೆ. ಆಮೇಲೆ ಮೆಲ್ಲಗೆ, "ಒಂದು ಸೋಪು ಮಾರಿದ್ರ ನಿಮಗ ಎಷ್ಟು ಬರತೈತ್ರಿ?"

"ವಾಸನಿ ಬರತೈತಿ. ಅದೂ ಮೂಗು ಹತ್ರ ಇಟ್ಟರ. ಆದ್ರೂ ನಮ್ಮದು ನಮ್ಮದ!"

ಹೀಗೆ ಅಂಗಡಿಯ ತಪಾಸಣೆ ಮುಗಿಸಿ ಮನೆಗೆ ಬಂದವನು ಚಹಾ ಕುಡಿಯುವ ಮೊದಲು ಬಚ್ಚಲಮನೆಗೆ ನುಗ್ಗುತ್ತಾನೆ. ನನ್ನ ಹೆಂಡತಿ ಬೇರೆ ಕಂಪನಿಯ ಪೇಸ್ಟು ತಂದಿದ್ದ ದಿನ ನೋಡಬೇಕಿತ್ತು ಅವನ ಮುಖ! "ಮನಿ ಸೊಸಿ ಆಗಿ ಮಂದಿ ಪೇಸ್ಟಿಲೆ ಹಲ್ಲು ತಿಕ್ಕತೀಯೇನವ್ವಾ?" ಎಂದು ಕೇಳಿದ. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ಅಂದಿನಿಂದ ಅವನು ಬರುವ ಸುದ್ದಿ ಬಂದರೆ ಆಕೆ ಮೊದಲು ಬಚ್ಚಲಮನೆಯ ಗೂಡನ್ನು ಸರಿಮಾಡುತ್ತಾಳೆ, ಆಮೇಲೆ ಅಡುಗೆಯ ಯೋಚನೆ.

ಇಷ್ಟಾದರೆ ಇದು ಬರೀ ಜಂಬ ಎನ್ನಬಹುದಿತ್ತು. ಆದರೆ ಒಮ್ಮೆ ಮಕ್ತಲ್‌ನ ಚಹಾ ಹೋಟೆಲಿನಲ್ಲಿ ಯಾರೋ ಬಿಸ್ಕಿಟನ್ನು ಎತ್ತಿ ಹಿಡಿದು, "ಮಾಲಕರ, ರೇಟು ಅದ ಐತಿ, ನಿಮ್ಮ ಬಿಸ್ಕಿಟು ಸಣ್ಣದಾಗೈತಲ್ರಿ!" ಎಂದು ಕೆಣಕಿದರು. ಮಾವ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹಳೆಯದಕ್ಕಿಂತ ಎರಡು ಬಿಸ್ಕಿಟು ಕಡಿಮೆ ಇದ್ದವು. ಎಲ್ಲರೂ ನಗುತ್ತಿದ್ದಾಗ ಅವನು ಎದ್ದು ನಿಂತು, ಅಲ್ಲಿ ಕೂತಿದ್ದ ಏಳೆಂಟು ಮಂದಿಗೂ ಕೈಮುಗಿದ. "ತಪ್ಪಾಗೈತ್ರಿ. ನಾ ಇದನ್ನ ನೋಡಿದ್ದಿಲ್ಲ," ಎಂದ. ನಗು ಅಲ್ಲಿಗೇ ನಿಂತಿತು. ಆ ಕಂಪನಿಯ ದೊಡ್ಡ ದೊಡ್ಡ ಪಾಲುದಾರರಲ್ಲಿ ಒಬ್ಬರಾದರೂ ಬಿಸ್ಕಿಟು ಸಣ್ಣದಾಗಿದ್ದಕ್ಕೆ ಯಾರ ಮುಂದಾದರೂ ಕೈಮುಗಿದಿದ್ದಾರೆಯೇ?

ಮಾವನಿಗೆ ತಲೆ ಕೆಟ್ಟಿದೆಯೇ? ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ತಿಳಿಯಬೇಕಾದರೆ ಕುರಿಯಿಂದ ಶುರು ಮಾಡಬೇಕು.

ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ನಮ್ಮಲ್ಲಿ ಪಾಲಿನ ಕುರಿ ಎಂಬ ಪದ್ಧತಿ ಇದೆ. ನಿಮ್ಮ ಹತ್ತಿರ ಒಂದು ಕುರಿ ಇದೆ, ಕಾಯಲು ಆಳಿಲ್ಲ ಅನ್ನಿ. ಅದನ್ನು ದೊಡ್ಡ ಹಿಂಡಿರುವ ಕುರುಬನ ಕೈಗೆ ಕೊಡುತ್ತೀರಿ. ಅವನು ಊರೂರು ಮೇಯಿಸುತ್ತಾನೆ. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ನಿಮಗೆ. ಕುರಿ ಸತ್ತರೆ ಅವನು ಗುರುತಿನ ಕಿವಿಯನ್ನು ಕತ್ತರಿಸಿ ತಂದು ತೋರಿಸಬೇಕು. ತೋರಿಸಿದರೆ ಮಾತು ಮುಗಿಯಿತು, ಯಾರೂ ಯಾರನ್ನೂ ಬಯ್ಯುವಂತಿಲ್ಲ. ಆದರೆ ಕುರಿ ಕೊಟ್ಟವನಿಗೂ ಒಂದು ಕೆಲಸವಿದೆ. ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸುವ ದಿನ ಅವನು ಹಟ್ಟಿಗೆ ಹೋಗಲೇಬೇಕು. ಕಂಬಳಿ ಹಾಸಿ ಹಿಂಡು ಕಾಯುವವನನ್ನು ಅದರ ಮೇಲೆ ಕೂರಿಸುತ್ತಾರೆ. ಕಂಬಳಿಯ ಮೇಲೆ ಕೂತವನು ಸುಳ್ಳು ಹೇಳುವಂತಿಲ್ಲ. ಕುರಿ ಕೊಟ್ಟವನು ಕೇಳುವ ಮೊದಲ ಮಾತು ಮರಿ ಎಷ್ಟು ಎಂದಲ್ಲ. "ನೀರು ಎಲ್ಲಿ ಕುಡಿಸಾಕತ್ತೀರಿ?" ಎಂದು. ಒಂದೇ ಕುರಿ ಕೊಟ್ಟಿರಲಿ, ನೂರು ಕೊಟ್ಟಿರಲಿ, ಆ ಮಾತು ಕೇಳುವ ಹಕ್ಕು ಎಲ್ಲರಿಗೂ ಸಮ.

ಶೇರು ಎಂದರೇನು ಎಂದು ಯಾರೋ ಹೇಳಿಕೊಟ್ಟ ದಿನ ಮಾವ ತೊಡೆ ತಟ್ಟಿ, "ಇದು ನಮ್ಮ ಪಾಲಿನ ಕುರಿ ಅಲ್ಲೇನು! ಇದಕ್ಕ ಇಷ್ಟು ದೊಡ್ಡ ಹೆಸರು ಯಾಕ?" ಎಂದನಂತೆ. ವರ್ಷಕ್ಕೆ ಒಂದು ಮರಿ ಮಾರಿ ಒಂದು ಶೇರು ಕೊಳ್ಳುವ ಪರಿಪಾಠ ಅಂದಿನಿಂದ ಶುರುವಾಯಿತು. ಮರಿಯ ಬೆಲೆಗೆ ಬಾರದ ಶೇರನ್ನು ಮುಟ್ಟುವುದಿಲ್ಲ. ಒಂದು ಟೈರು ಕಂಪನಿಯ ಒಂದೇ ಶೇರಿಗೆ ಇಡೀ ಹಿಂಡೇ ಹೋಗುತ್ತದೆ ಎಂದು ಕೇಳಿ ಬೆಚ್ಚಿಬಿದ್ದು, ಬೇರೊಂದು ಟೈರು ಕಂಪನಿಯ ಶೇರು ಕೊಂಡ. ಈಗ ಗದ್ವಾಲ್‌ಗೆ ಹೋಗುವ ಬಸ್ಸು ಹತ್ತುವ ಮೊದಲು ಬಗ್ಗಿ ಟೈರಿನ ಹೆಸರು ಓದುತ್ತಾನೆ. ತನ್ನದಾದರೆ ಕುರಿಯ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿ ಹತ್ತುತ್ತಾನೆ. ಬೇರೆಯದಾದರೂ ಹತ್ತುತ್ತಾನೆ ಬಿಡಿ, ಹುಷಾರಾಗಿ ಮುಂದಿನ ಸೀಟಿನಲ್ಲಿ ಕೂರುತ್ತಾನೆ.

ಹದಿನೇಳರಲ್ಲಿ ಮೊದಲು ಕೊಂಡದ್ದು ಒಂದು ಸಿಮೆಂಟು ಕಂಪನಿಯ ಶೇರು. ಅದರ ಹಿಂದೆ ಬೇರೆಯೇ ಕಥೆ ಇದೆ.

ಮದುವೆಯಾದ ವರ್ಷವೇ ಮಾವ, ಅತ್ತೆ ಇಬ್ಬರೂ ಬೊಂಬಾಯಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ತೆಲಂಗಾಣದ ನಮ್ಮ ಪಾಲಮೂರು ಸೀಮೆಯ ಎಷ್ಟೋ ಮಂದಿ ಹೋದ ದಾರಿಯೇ ಅದು. ಅಲ್ಲಿ ಆ ಸಿಮೆಂಟು ಕಂಪನಿಯ ದೊಡ್ಡ ಆಫೀಸು ಏಳುತ್ತಿತ್ತು. ಮಾವ ಗೌಂಡಿಗಳ ಕೈಗೆ ಮಾಲು ಹೊತ್ತು ಕೊಡುತ್ತಿದ್ದ. ಅತ್ತೆಯ ಕೆಲಸ ಹೊಸ ಗೋಡೆಗಳಿಗೆ ನೀರು ಹೊಡೆಯುವುದು. ಹೊಸ ಸಿಮೆಂಟು ಹೊಟ್ಟೆತುಂಬ ನೀರು ಕುಡಿಯದಿದ್ದರೆ ಗೋಡೆ ಸೀಳುತ್ತದೆ. ಹದಿನಾಲ್ಕು ತಿಂಗಳು ದುಡಿದರು, ಕಟ್ಟಡ ಮುಗಿಯಿತು, ಊರಿಗೆ ಬಂದರು. ಅತ್ತೆ ಆಮೇಲೆ ಬೊಂಬಾಯಿಯ ಮಾತನ್ನೇ ಎತ್ತಲಿಲ್ಲ. ಮಾವ ಹೇಳುವುದೂ ಇಷ್ಟೇ: "ಮುಗಿದ ಮರುದಿನ ಒಳಗ ಬಿಡಲಿಲ್ಲ ಅಳ್ಯಾ. ಮಾಲಕರಿಗೆ ಅಷ್ಟ ಅಂದ್ರು."

ಮಾಲಕರಿಗಷ್ಟೇ ಎಂದರಲ್ಲ, ಸರಿ, ಮಾಲಕನೇ ಆಗಿಬಿಡೋಣ ಎಂದು ಹೊರಟವನು ಅವನು! ಆ ಕಂಪನಿಯ ವರ್ಷದ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಕೇಳಬೇಕು. ಅವನ ಜನ್ಮದಲ್ಲಿ ಇದ್ದ ಆಸೆ ಅದೊಂದೇ. ಉಳಿದ ಹದಿನಾರು ಕಂಪನಿಗಳು ಅದರ ಬೆನ್ನಿಗೆ ಬಂದವು.

ತಮಾಷೆ ನೋಡಿ. ಮಾವ ಆ ಕಂಪನಿಯ ಮಾಲಕ, ಅತ್ತೆಗೆ ಆ ಕಂಪನಿಯ ಹೆಸರೆತ್ತಿದರೆ ಆಗುವುದಿಲ್ಲ. ಮಕ್ತಲ್‌ನಲ್ಲಿ ಮನೆ ಕಟ್ಟುವಾಗ ಮಾವ ಹೆಮ್ಮೆಯಿಂದ ಅದೇ ಸಿಮೆಂಟು ತರಿಸಿದ. ಅತ್ತೆ ಬಾಗಿಲಿಗೆ ಅಡ್ಡ ನಿಂತು ಬಂಡಿಯನ್ನು ಹಿಂದಕ್ಕೆ ಕಳಿಸಿದಳು. "ಆ ಸಿಮೆಂಟು ನನ್ನ ಮನಿಗೆ ಬ್ಯಾಡ. ಮಣ್ಣಿಲೆ ಕಟ್ಟರಿ, ಇರ್ತೀನಿ," ಎಂದಳು. ಮಾವ ಬೇರೆ ಕಂಪನಿಯ ಚೀಲ ಇಳಿಸಿದ. ಮನೆಗೆ ಬಂದವರು, "ಏನ್ರೀ ಮಾಲಕರ, ಮಂದಿ ಸಿಮೆಂಟಿನ ಮನ್ಯಾಗ ಅದೀರಿ?" ಎಂದರೆ, "ಮನ್ಯಾಗ ನಾ ಮಾಲಕ ಅಲ್ರಿ," ಎನ್ನುತ್ತಾನೆ. ಎಲ್ಲರೂ ನಗುತ್ತೇವೆ.

ಅತ್ತೆಗೆ ಶೇರಿನ ವ್ಯವಹಾರವೆಂದರೆ ಮೊದಲಿನಿಂದಲೂ ತಾತ್ಸಾರ. ಒಮ್ಮೆ ನನ್ನ ಮುಂದೆ ದೂರಿದಳು: "ನೋಡಪ್ಪಾ, ಲಗ್ನಾಗಿ ಇಷ್ಟು ವರ್ಷಕ್ಕ ಗದ್ವಾಲಕ್ಕ ಕರಕೊಂಡು ಹೋದ್ರು. ಸೀರಿ ಕೊಡಸ್ತಾರ ಅಂದ್ಕೊಂಡೆ. ಫೋಟೊ ಹೊಡಸಿ, ನಾಲ್ಕು ಕಡೆ ದಸ್ಕತ್ತು ಹಾಕಸಿ ಕರಕೊಂಡು ಬಂದ್ರು! ಗ್ಯಾಸಿಂದು ಅಂತ."

"ಗ್ಯಾಸಿಂದ ಅಲ್ಲ ಮತ್ತ?" ಎಂದ ಮಾವ, ಕುರಿಗಳ ಕಡೆ ನೋಡುತ್ತ. ಅತ್ತೆಗೆ ಓದಲು ಬಾರದು, ದಸ್ಕತ್ತು ಮಾಡಲಷ್ಟೇ ಬರುತ್ತದೆ. ನಾನು ಸೀರೆಯ ಮಾತಿಗೆ ನಕ್ಕೆ.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಮಾಸ್ತರ, ನಾಲ್ಕಕ್ಷರ ಕಲಿತವನು. ಪೇಪರಿನಲ್ಲಿ ಶೇರುಪೇಟೆ ಬಿತ್ತು, ಎದ್ದಿತು ಎಂದು ಬಂದರೆ ಹಾಳೆ ತಿರುವುವವನು. ಅದು ದುಡ್ಡಿದ್ದವರ ಜೂಜು, ನಮಗೇನು ಸಂಬಂಧ ಎಂದು ಮಾವನಿಗೆ ಬುದ್ಧಿ ಹೇಳಿದೆ. ಅವನು ಕುರಿಗೆ ಸೊಪ್ಪು ಹಾಕುತ್ತಲೇ ಕೇಳಿದ.

"ನಿನ್ನ ಪಗಾರದಾಗ ಪಿಂಚಣಿಗಂತ ತಿಂಗಳಾ ಹಿಡೀತಾರಲ್ಲ, ಅದು ಎಲ್ಲಿ ಹೋಗತೈತಿ?"

"ಸರ್ಕಾರದ ಹತ್ರ ಇರತೈತಿ ಮಾಮಾ."

"ಇರತೈತಿ ಅಂದ್ರ? ಕಪಾಟಿನ್ಯಾಗ?"

ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದೆ. ಹದಿನಾಲ್ಕು ಮಂದಿ ಮಾಸ್ತರರಲ್ಲಿ ಇಬ್ಬರಿಗೆ ಗೊತ್ತಿತ್ತು: ಅದರಲ್ಲೊಂದು ಪಾಲು ಶೇರುಪೇಟೆಗೇ ಹೋಗುತ್ತದೆ. ನಾನು ಯಾವುದನ್ನು ಜೂಜು ಎಂದು ಬಯ್ಯುತ್ತಿದ್ದೆನೋ, ನನ್ನ ಮುಪ್ಪಿನ ಅನ್ನದಲ್ಲಿ ಒಂದಿಷ್ಟು ಅಲ್ಲೇ ಬೇಯುತ್ತಿತ್ತು. ನನ್ನ ಹೆಂಡತಿ ವಿಮೆಯ ಜತೆಗೆ ಕಟ್ಟುವ ಉಳಿತಾಯದ ಕಥೆಯೂ ಅದೇ. ಮರುವಾರ ಹೋಗಿ ಒಪ್ಪಿಕೊಂಡೆ. ಮಾವ ಗೆದ್ದೆ ಎಂದು ಹಿಗ್ಗಲಿಲ್ಲ.

"ನಿನ್ನ ಕುರಿನೂ ಅದ ಹಟ್ಟ್ಯಾಗ ಐತಿ ಅಳ್ಯಾ. ನೀ ಒಮ್ಮೆನೂ ನೋಡಾಕ ಹೋಗಿಲ್ಲ, ಅಷ್ಟ ಫರಕು."

ಅವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ನಿಜವಾಗಿ ನಾಚಿಕೆಯಾಯಿತು. ಆಮೇಲೆ ನಮ್ಮ ಶಾಲೆಯ ಒಬ್ಬ ಮಾಸ್ತರರು, ಫೋನಿನಲ್ಲಿ ಯಾರೋ ಮೂರು ತಿಂಗಳಲ್ಲಿ ದುಡ್ಡು ದುಪ್ಪಟ್ಟು ಮಾಡಿಕೊಡುವ ಶೇರಿನ ಸಲಹೆ ಕೊಡುತ್ತಿದ್ದಾನೆಂದು ಕುಣಿಯುತ್ತಿದ್ದಾಗ, ಅವರನ್ನು ಮಾವನ ಹತ್ತಿರವೇ ಕರೆದೊಯ್ದೆ. ಮಾವ ಕೇಳಿದ್ದು ಒಂದೇ ಮಾತು: "ಅಂವ ನಿಮ್ಮನ್ನ ತನ್ನ ಹಟ್ಟಿಗೆ ಕರದಾನೇನ್ರಿ?" ಹಟ್ಟಿಯೂ ಇರಲಿಲ್ಲ, ವಿಳಾಸವೂ ಇರಲಿಲ್ಲ. ಮಾಸ್ತರರು ದುಡ್ಡು ಕಳಿಸಲಿಲ್ಲ. ಈಗ ಅವರೂ ಮಾವನನ್ನು ಮಾಲಕರೇ ಎಂದು ಕರೆಯುತ್ತಾರೆ, ನಗದೆ.

ಅವನ ಹುಚ್ಚಿಗೂ ಒಂದು ಮಿತಿ ಬೇಡವೇ? ಒಂದು ವರ್ಷ ಅವನ ಕಂಪನಿಗಳಲ್ಲೊಂದು ಮುಳುಗಿತು. ಶೇರಿನ ಬೆಲೆ ಒಂದು ಬೀಡಿಗೂ ಸಾಲದಷ್ಟಾಯಿತು. ಬೇರೆಯವರಾದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಮಾವ ನನ್ನ ಕೈಯಿಂದ ಆ ಕಂಪನಿಗೆ ಪತ್ರ ಬರೆಸಿದ: "ನಮ್ಮ ಕುರಿ ಸತ್ತ ಸುದ್ದಿ ತಿಳಿಯಿತು. ಸಿಟ್ಟಿಲ್ಲ. ದಯಮಾಡಿ ಕಿವಿ ಕಳಿಸಬೇಕು." ಇದನ್ನು ಇಂಗ್ಲಿಷಿಗೆ ಹೇಗೆ ತರಲಿ ಎಂದು ಒಂದಿಡೀ ಭಾನುವಾರ ಬೆವರಿದೆ! ಎರಡು ತಿಂಗಳಿಗೆ ದಪ್ಪನೆಯ ಒಂದು ಪುಸ್ತಕ ಅಂಚೆಯಲ್ಲಿ ಬಂತು, ಆ ವರ್ಷದ ವರದಿ. ಯಾವ ಗುಮಾಸ್ತ ನಮ್ಮ ಪತ್ರವನ್ನು ಏನೆಂದು ತಿಳಿದು ಕಳಿಸಿದನೋ ಕಾಣೆ. ಮಾವ ಅದನ್ನು ಕೈಯಲ್ಲಿ ತೂಗಿ, "ಬಂತು ಕಿವಿ. ಮರ್ಯಾದಿ ಇರೋ ಮಂದಿ," ಎಂದು ದೇವರ ಗೂಡಿನ ಕೆಳಗೆ ಇಟ್ಟ. ಅಂದಹಾಗೆ, ಕಂಪನಿಗಳಿಂದ ಏನು ಬಂದರೂ ಅವನು ಮೇಲಿನ ಲಕೋಟೆಯನ್ನು ಹರಿದು ಮೊದಲು ಬಚ್ಚಲ ಒಲೆಗೆ ಹಾಕುತ್ತಿದ್ದ. ಆಮೇಲೆ ಒಳಗಿನದನ್ನು ನನ್ನ ಕೈಗೆ ಕೊಡುತ್ತಿದ್ದ. ಅದೂ ಒಂದು ಹುಚ್ಚು ಎಂದು ಬಿಟ್ಟಿದ್ದೆ.

ಈಗ ಆ ಸಿಮೆಂಟು ಕಂಪನಿಯ ಸಭೆಯ ಮಾತು. ಮೊದಲೆಲ್ಲ ಅಂಥ ಸಭೆಗೆ ಬೊಂಬಾಯಿಗೇ ಹೋಗಬೇಕಿತ್ತು. ಇತ್ತೀಚೆಗೆ ಫೋನಿನಲ್ಲೇ ಕೂತು ನೋಡಬಹುದು, ಮೊದಲೇ ತಿಳಿಸಿದರೆ ಮಾತೂ ಆಡಬಹುದು ಎಂದು ಮಕ್ತಲ್‌ನ ಆನ್‌ಲೈನ್ ಸೆಂಟರಿನವನು ಮಾವನಿಗೆ ಹೇಳಿದ. ಹೆಸರು ನೋಂದಾಯಿಸಿದವನೂ ಅವನೇ. ನನಗೆ ಬಂದದ್ದು ಅಪ್ಪಣೆ ಮಾತ್ರ: "ಅಳ್ಯಾ, ಗುರುವಾರ ಮಧ್ಯಾಹ್ನ ರಜಾ ಹಾಕಿ ಬಾ. ನಿನ್ನ ಫೋನಿನ್ಯಾಗ ಮಾರಿ ಸ್ವಚ್ಛ ಕಾಣತೈತಿ."

ಹೋಗಿ ನೋಡುತ್ತೇನೆ, ಮನೆಯ ಅಂಗಳ ಸಾರಿಸಿದೆ. ಮಾವ ಒಗೆದ ಧೋತರ ಉಟ್ಟು ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿಕೊಂಡಿದ್ದಾನೆ. ಬೇವಿನ ನೆರಳಿನಲ್ಲಿ ಕಂಬಳಿ ಹಾಸಿದೆ. ಅದರ ಮೇಲೆ ನಾವು ಕೂರಬೇಕೆಂದು ಹೋದರೆ ತಡೆದ. ಕಂಬಳಿಯ ನಟ್ಟನಡುವೆ ಒಂದು ಮಣೆ, ಮಣೆಗೆ ಒರಗಿಸಿ ನನ್ನ ಫೋನು. ನಾವು ನೆಲದ ಮೇಲೆ.

"ಫೋನಿಗೆ ಯಾಕ ಮಾಮಾ ಕಂಬಳಿ?"

"ಫೋನಿಗಲ್ಲೋ. ಚೇರ್ಮನ್ ಸಾಹೇಬರು ಅದರಾಗ ಬರ್ತಾರಲ್ಲ, ಅವರಿಗೆ. ಕಂಬಳಿ ಮ್ಯಾಲ ಕುಂತು ಸುಳ್ಳು ಹೇಳಲಿ ನೋಡೋಣ!"

ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದಳು. "ಕುರಿ ಕಾಯೋದು ಬಿಟ್ಟು ಫೋನು ಕಾಯಾಕತ್ತಾರ," ಎಂದು ತನ್ನಷ್ಟಕ್ಕೆ ಗೊಣಗಿದಳು. ಯಾವ ಕಂಪನಿಯೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಸಭೆ ಶುರುವಾಯಿತು. ಚೇರ್ಮನ್ನರು ಬೆಳ್ಳಗಿನ ಕೂದಲಿನ ಹಿರಿಯರು. ಅವರ ಹಿಂದೆ ಎತ್ತರವಾದ ಬಿಳಿಯ ಗೋಡೆ. ಬೊಂಬಾಯಿಯ ಆ ದೊಡ್ಡ ಆಫೀಸಿನಲ್ಲೇ ಕೂತು ಮಾತಾಡುತ್ತಿದ್ದೇವೆ ಎಂದು ಅವರೇ ಹೇಳಿದರು. ಮಾವ ನೆಟ್ಟಗೆ ಕೂತ. ಮಾತಾಡುವ ಶೇರುದಾರರು ಒಬ್ಬೊಬ್ಬರಾಗಿ ಬಂದರು. ಒಬ್ಬರು ಚೇರ್ಮನ್ನರ ಮೇಲೆ ತಾವೇ ಕಟ್ಟಿದ ಹಿಂದಿ ಪದ್ಯ ಓದಿದರು. ಇನ್ನೊಬ್ಬರು, ಮೊದಲು ಸಭೆಗೆ ಬಂದರೆ ಮಿಠಾಯಿ ಡಬ್ಬಿ ಕೊಡುತ್ತಿದ್ದಿರಿ, ಈಗ ಮನೆಗೆ ಯಾಕೆ ಕಳಿಸುವುದಿಲ್ಲ ಎಂದು ಜಗಳ ತೆಗೆದರು. ಮಾವ ನನ್ನ ಕಡೆ ತಿರುಗಿ, "ಇವರಿಗೆ ಎಷ್ಟು ಶೇರು ಅದಾವಂತ?" ಎಂದ. ಸಾವಿರಗಟ್ಟಲೆ ಇರಬಹುದು ಎಂದೆ. "ಪಾಪ," ಎಂದ.

ಆಮೇಲೆ ಕರೆ ಬಂತು. "ಮುಂದಿನ ಶೇರುದಾರರು, ತೆಲಂಗಾಣದ ಮಕ್ತಲ್‌ನಿಂದ, ಶ್ರೀಮತಿ ಮಲ್ಲಮ್ಮ."

ಮಲ್ಲಮ್ಮ ಎಂದರೆ ನಮ್ಮ ಅತ್ತೆ.

"ಹೆಸರು ತಪ್ಪು ಹೇಳ್ಯಾರ ಮಾಮಾ, ನೀ ಮಾತಾಡು, ಟೈಮು ಹೋಗಾಕತ್ತೈತಿ!" ಎಂದು ನಾನು ಗಾಬರಿಯಾದೆ.

"ತಪ್ಪಿಲ್ಲ," ಎಂದ ಮಾವ. ಕಂಬಳಿಯ ಅಂಚು ಹಿಡಿದು, ಚೇರ್ಮನ್ನರ ಸಮೇತ ಅದನ್ನು ಮೆಲ್ಲಗೆ ಎಳೆದು ಕಟ್ಟೆಯ ಕಡೆ ತಿರುಗಿಸಿದ. ಅತ್ತೆಯ ಕೈ ಮೊರದಲ್ಲೇ ನಿಂತಿತ್ತು.

"ಏನ್ರಿ ಇದು? ನನ್ನ ಹೆಸರು ಯಾಕ ಕರೀತಾರ?"

"ಹದಿನೇಳೂ ನಿನ್ನ ಹೆಸರಿಗೆ ಅದಾವ. ನಾ ಬರೇ ಕಾಯಾಂವ." ಮಾವ ಫೋನಿನ ಕಡೆ ಕೈ ತೋರಿಸಿದ. "ಅದ ಬಿಲ್ಡಿಂಗು. ಅದ ಮಂದಿ. ನೀ ಕೇಳಬೇಕಂತನ ಇಷ್ಟು ವರ್ಷ ಕಾದೀನಿ. ಕೇಳು."

"ಗ್ಯಾಸಿಂದು ಅಂತ ದಸ್ಕತ್ತು ಹಾಕಸಿದ್ರಿ!" ಎಂದಳು ಅತ್ತೆ.

ಫೋನಿನಲ್ಲಿ ಯಾರೋ, "ಮೇಡಂ, ನಿಮ್ಮ ದನಿ ಕೇಳುತ್ತಿಲ್ಲ," ಎಂದರು. ನಾನು ಧ್ವನಿಯ ಗುಂಡಿಯನ್ನು ಒತ್ತಿದೆ.

ಅತ್ತೆ ಮೊರ ಕೆಳಗಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಫೋನಿನಲ್ಲಿ ಕಾಣುವ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಮಾತಾಡಿದ್ದು ಮೂವತ್ತೈದು ವರ್ಷ ಬಾಯಿಗೆ ಬಾರದಿದ್ದ ಬೊಂಬಾಯಿಯ ಹಿಂದಿಯಲ್ಲಿ. ನಮ್ಮ ಮಾತಿನಲ್ಲಿ ಅದು ಹೀಗೆ.

"ಸಾಹೇಬರ, ನಿಮ್ಮ ಬೆನ್ನ ಹಿಂದಿನ ಗೋಡಿ ಎಲ್ಲ್ಯರ ಸೀಳೈತೇನ್ರಿ?"

ಚೇರ್ಮನ್ನರು ಇಂಥ ಪ್ರಶ್ನೆ ಎಂದೂ ಕೇಳಿರಲಿಕ್ಕಿಲ್ಲ. ನಿಜವಾಗಿಯೂ ತಿರುಗಿ ಗೋಡೆ ನೋಡಿದರು. "ಇಲ್ಲ ಮಾಜೀ. ಒಂದೂ ಬಿರುಕಿಲ್ಲ," ಎಂದು ನಕ್ಕರು.

"ಸೀಳಂಗಿಲ್ಲ. ಅದಕ್ಕ ನೀರು ಹೊಡದಾಕಿ ನಾನು. ಹದಿನಾಲ್ಕು ತಿಂಗಳು, ಮುಂಜಾನಿ ಸಂಜಿ. ಕಡೀ ತಿಂಗಳುಗಳಾಗ ಹೊಟ್ಟ್ಯಾಗ ಮಗಳಿದ್ಲು, ಆದ್ರೂ ಒಂದು ದಿನ ತಪ್ಪಸಿಲ್ಲ. ಬಿಲ್ಡಿಂಗು ಮುಗೀತು, ಗೇಟಿಗೆ ಕಾವಲಿನಂವ ಬಂದ. ಮರುದಿನ ನಾವು ಊರಿಗೆ ಹೊಂಟಿದ್ವಿ. ಬಿಸಲಿಗೆ ಬಾಯಿ ಒಣಗಿತ್ತು. ಒಂದು ಗ್ಲಾಸು ನೀರು ಕೇಳಿದೆ. ಒಳಗಿನ ನೀರು ಮಾಲಕರಿಗೆ ಅಷ್ಟ ಅಂದ. ಆ ಗೋಡಿಗೆ ಎಷ್ಟು ಕೊಡ ನೀರು ಕುಡಿಸೀನಿ ಸಾಹೇಬರ. ನನಗ ಒಂದು ಗ್ಲಾಸು ಸಿಗಲಿಲ್ಲ. ಸಿಟ್ಟಿಲೆ ಕೇಳಾಕತ್ತಿಲ್ಲ. ಈಗ ನಿಮ್ಮ ಗೇಟಿನ್ಯಾಗ ಕೂಲಿಯೋರಿಗೆ ನೀರು ಐತೇನ್ರಿ?"

ಪಕ್ಕದಲ್ಲಿದ್ದವರೊಬ್ಬರು ಚೇರ್ಮನ್ನರ ಮುಂದೆ ಒಂದು ಚೀಟಿ ಸರಿಸಿದರು. ಅವರು ಅದನ್ನು ನೋಡಿ ಮಗುಚಿಟ್ಟರು.

"ಮಾಜೀ, ನನಗೆ ಗೊತ್ತಿಲ್ಲ," ಎಂದರು. "ಸಭೆ ಮುಗಿದ ಮೇಲೆ ನಾನೇ ಕೆಳಗೆ ಹೋಗಿ ನೋಡುತ್ತೇನೆ."

ಮುಂದಿನವರನ್ನು ಕರೆದರು. ಅವರು ಮತ್ತೆ ಮಿಠಾಯಿ ಡಬ್ಬಿಯ ಮಾತು ತೆಗೆದರು. ನಾನು ಫೋನು ಆರಿಸಿದೆ.

"ಗೊತ್ತಿಲ್ಲ ಅಂದ್ರು," ಎಂದ ಮಾವ, ಕಂಬಳಿ ಸವರುತ್ತ. "ಐತಿ ಅಂತ ಹೇಳಿ ಪಾರಾಗಬಹುದಿತ್ತು. ಖರೇ ಹೇಳಿದ್ರು." ಎದ್ದು ಒಳಗೆ ಹೋಗಿ ಮಡಕೆಯಿಂದ ಒಂದು ತಂಬಿಗೆ ನೀರು ತಂದು ಅತ್ತೆಯ ಕೈಗೆ ಕೊಟ್ಟ. ಆಕೆ ಎತ್ತಿ ಗಟಗಟನೆ ಕುಡಿದಳು. ಸೆರಗೆಲ್ಲ ನೆನೆಯಿತು. ಸೋಪಿನ ಧೂಳು ಒರೆಸುವ ಆ ಟವೆಲಿನಿಂದ ಮಾವ ತನ್ನ ಕಣ್ಣು ಒರೆಸಿಕೊಂಡ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕೆನಲ್ಲ! ಅಂಗಡಿ ಅಂಗಡಿಗೆ ಹೋಗಿ ಅವನು ಧೂಳು ಒರೆಸಿದ್ದು ತನ್ನ ಮಾಲಿನದಲ್ಲ, ಹೆಂಡತಿಯ ಮಾಲಿನದು.

ಸುಮ್ಮನಿರಲಾರದೆ ಕೇಳಿದೆ. "ಅತ್ತಿ, ಅವರು ಖರೇನ ಕೆಳಗ ಹೋಗಿ ನೋಡ್ತಾರಂತೀಯೇನು?"

"ನೋಡ್ಲಿ, ಬಿಡ್ಲಿ," ಎಂದಳು ಅತ್ತೆ ಬಾಯಿ ಒರೆಸಿಕೊಂಡು. "ಬರೋ ವರ್ಷ ಮತ್ತ ಕೇಳ್ತೀನಿ. ಮಾಲಕಳಲ್ಲೇನು ನಾನು?"

ಹಾಗೆಂದು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಮತ್ತೆ ತೊಗರಿಬೇಳೆಯ ಕಲ್ಲು ಆರಿಸತೊಡಗಿದಳು.